ಸಬ್ಸಿಡಿ ದುಡ್ಡು ಪಕ್ಕದ್ಮನೆಗೆ ಬಂತು, ನಿಮಗ್ಯಾಕೆ ಬರ್ಲಿಲ್ಲ? ತುಮಕೂರು ಕಡೆಯವರು ಫೋನಲ್ಲೇ ನೋಡ್ಕೊಳ್ಳೋದು ಹೆಂಗೆ

ನಾನು ತುಮಕೂರಲ್ಲಿ ಕೆಲ್ಸ ಮಾಡ್ಕೊಂಡಿರೋನು, ಊರು ಮಧುಗಿರಿ ತಾಲ್ಲೂಕಲ್ಲಿ ಐತೆ. ಹದಿನೈದು ದಿನಕ್ಕೊಂದ್ಸಲ ಊರಿಗೆ ಹೋದೆ ಅಂದ್ರೆ ಭಾನುವಾರ ಬೆಳಿಗ್ಗೆ ನೆಟ್ಟಗೆ ಕಾಫಿ ಕುಡಿಯೋಕೂ ಬಿಡಲ್ಲ, ಜಗಲಿ ಮೇಲೆ ಆಗ್ಲೇ ನಾಕೈದು ಜನ ಆಧಾರ್ ಕಾರ್ಡು ಪಾಸ್‌ಬುಕ್ಕು ಎಲ್ಲಾನೂ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಬಂದು ಕೂತಿರ್ತಾರೆ. ಎಲ್ರದ್ದೂ ಒಂದೇ ಪ್ರಶ್ನೆ. "ನೋಡಪ್ಪ, ಪಕ್ಕದ್ಮನೆಯೋನಿಗೆ ಎರಡು ಸಾವಿರ ಬಂದೈತಂತೆ, ನಂಗ್ಯಾಕೆ ಬಂದಿಲ್ಲ?" ಹೇಳಿ ಹೇಳಿ ಸಾಕಾಗಿ, ಒಂದ್ಸಲ ಬರೆದು ಹಾಕಿದ್ರೆ ಊರಲ್ಲಿರೋ ಹುಡುಗ್ರು ಓದ್ಕೊಂಡು ಅವರವರ ಮನೆಯವರಿಗೆ ನೋಡಿ ಹೇಳ್ತಾರಲ್ಲ ಅಂತ ಇದನ್ನ ಬರೀತಿದೀನಿ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ದುಡ್ಡು ಬರ್ಲಿಲ್ಲ ಅಂದ ತಕ್ಷಣ ಯಾರೋ ಆಫೀಸಲ್ಲಿ ತಿಂದ್ಬಿಟ್ರು ಅಂತ ಅಂದ್ಕೋತಾರೆ. ನಾನು ನೋಡಿರೋ ಹತ್ತು ಕೇಸಲ್ಲಿ ಎಂಟು ಹಂಗಿರ್ಲಿಲ್ಲ. ಪಹಣಿ, ಆಧಾರು, ಎಫ್‌ಐಡಿ (ಸರ್ಕಾರ ರೈತರಿಗೆ ಕೊಡೋ ಗುರುತಿನ ನಂಬರು), ಬ್ಯಾಂಕು ಈ ನಾಕರಲ್ಲಿ ಯಾವುದೋ ಒಂದು ಇನ್ನೊಂದಕ್ಕೆ ತಾಳೆ ಆಗ್ತಿರಲ್ಲ ಅಷ್ಟೆ, ದುಡ್ಡು ಮಧ್ಯದಲ್ಲೇ ನಿಂತಿರುತ್ತೆ. ಯಾವುದು ತಾಳೆ ಆಗ್ತಿಲ್ಲ ಅಂತ ಗೊತ್ತಾದ್ರೆ ಯಾವ ಆಫೀಸಿಗೆ ಹೋಗ್ಬೇಕು ಅಂತ ಗೊತ್ತಾಗುತ್ತೆ. ಅದು ಗೊತ್ತಿಲ್ದೆ ತಾಲ್ಲೂಕಾಫೀಸು, ಬ್ಯಾಂಕು, ರೈತ ಸಂಪರ್ಕ ಕೇಂದ್ರ, ಮತ್ತೆ ತಾಲ್ಲೂಕಾಫೀಸು ಅಂತ ಸುತ್ತೋದೇ ಕೆಲ್ಸ ಆಗುತ್ತೆ, ಬಸ್ ಚಾರ್ಜು ಕೂಲಿ ಎರಡೂ ಸೇರಿದ್ರೆ ಬರೋ ಎರಡು ಸಾವಿರದಲ್ಲಿ ಅರ್ಧ ಅಲ್ಲೇ ಹೋಯ್ತು.

ಶುರು ಮಾಡೋಕ್ ಮುಂಚೆ ನಿಮಗೆ ಬರ್ಬೇಕಾಗಿರೋ ದುಡ್ಡು ಯಾವುದು ಅಂತ ಬೇರೆ ಬೇರೆ ಮಾಡ್ಕೊಳ್ಳಿ, ಯಾಕಂದ್ರೆ ಊರಲ್ಲಿ ಎಲ್ಲದಕ್ಕೂ "ಸಬ್ಸಿಡಿ" ಅಂತಲೇ ಕರೀತಾರೆ. ವರ್ಷಕ್ಕೆ 6000 ಬರೋದು ಪಿಎಂ ಕಿಸಾನ್, ಅದು ಕೇಂದ್ರದ್ದು, ನೋಡ್ಕೊಳ್ಳೋದು ಕೃಷಿ ಇಲಾಖೆ. ಮಳೆ ಇಲ್ದೆ ಬೆಳೆ ಹೋದಾಗ ಬರೋದು ಬೆಳೆ ಪರಿಹಾರ, ಆಫೀಸ್ ಭಾಷೇಲಿ ಇನ್‌ಪುಟ್ ಸಬ್ಸಿಡಿ ಅಂತಾರೆ, ಅದು ಕಂದಾಯ ಇಲಾಖೆ ಅಂದ್ರೆ ತಹಸೀಲ್ದಾರ್ ಕಡೆಯಿಂದ. ಬೆಳೆ ವಿಮೆ ಬೇರೆ, ಅದು ನೀವು ಕಂತು ಕಟ್ಟಿದ್ರೆ ಮಾತ್ರ. ಡೈರಿಗೆ ಹಾಲು ಹಾಕೋರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ರಾಜ್ಯ ಸರ್ಕಾರದ್ದು, ಅದೂ ಇನ್ನೊಂದು ದಾರಿ. ಕೃಷಿ ಹೊಂಡ, ಡ್ರಿಪ್ಪು, ಟಾರ್ಪಾಲು, ಸ್ಪಿಂಕ್ಲರ್ ಪೈಪು ಇವೆಲ್ಲ ಅರ್ಜಿ ಹಾಕಿದ್ರೆ ಮಾತ್ರ ಬರೋವು. ಪಿಎಂ ಕಿಸಾನ್ ಬಂದಿಲ್ಲ ಅಂತ ಹೋಗಿ ತಹಸೀಲ್ದಾರ್ ಹತ್ರ ಕೇಳಿದ್ರೆ ಅವ್ರೇನು ಮಾಡ್ತಾರೆ, ಬರ ಪರಿಹಾರ ಬಂದಿಲ್ಲ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಜಗಳ ಆಡಿದ್ರೂ ಅಷ್ಟೆ.

ಇನ್ನು ಎಫ್‌ಐಡಿ. ಇದು ಗೊತ್ತಿಲ್ದೆ ಇದ್ರೆ ಕರ್ನಾಟಕದಲ್ಲಿ ರೈತನಿಗೆ ಸರ್ಕಾರದಿಂದ ಒಂದು ಗೋಣಿಚೀಲನೂ ಸಿಗಲ್ಲ. ಫ್ರೂಟ್ಸ್ ಅನ್ನೋ ತಂತ್ರಾಂಶದಲ್ಲಿ ನಿಮ್ಮ ಆಧಾರು, ಬ್ಯಾಂಕ್ ಅಕೌಂಟು, ಸರ್ವೆ ನಂಬರುಗಳು, ಜಾತಿ ಇದೆಲ್ಲ ಒಂದ್ಕಡೆ ಸೇರಿಸಿ ಒಂದು ನಂಬರ್ ಕೊಡ್ತಾರೆ, ಎಫ್‌ಐಡಿ ಅಂತ ಶುರುವಾಗಿ ಮುಂದೆ ಅಂಕಿಗಳಿರುತ್ತೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಮಾಡಿಸ್ಬೋದು, ತೋಟಗಾರಿಕೆ ಆಫೀಸು, ರೇಷ್ಮೆ ಆಫೀಸು, ಪಶು ಆಸ್ಪತ್ರೆಯವರ ಹತ್ರಾನೂ ಮಾಡಿಸ್ಬೋದು, ಆಧಾರು, ಪಾಸ್‌ಬುಕ್ಕು, ಪಹಣಿ, ಒಂದು ಫೋಟೋ, ಎಸ್‌ಸಿ ಎಸ್‌ಟಿ ಆದ್ರೆ ಜಾತಿ ಸರ್ಟಿಫಿಕೇಟು ಇಷ್ಟೇ ಬೇಕಾಗಿರೋದು. ಆಮೇಲೆ ನಿಮ್ಮ ಮಕ್ಕಳಿಗೆ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಬರ್ಬೇಕು ಅಂದ್ರೂ ಇದೇ ಎಫ್‌ಐಡಿ ಬೇಕು, ರಾಗಿನ ಬೆಂಬಲ ಬೆಲೆಗೆ ಬಿಡ್ಬೇಕು ಅಂದ್ರೂ ಇದೇ ಬೇಕು.

ಆದ್ರೆ ಇಲ್ಲೊಂದು ಎಡವಟ್ಟು ಐತೆ ನೋಡಿ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. "ನಂದು ಎಫ್‌ಐಡಿ ಆಗೈತೆ" ಅಂತಾರೆ, ನಿಜ, ಆಗಿರುತ್ತೆ, ಆದ್ರೆ ಅದರೊಳಗೆ ನಿಮ್ಮ ಎಲ್ಲಾ ಸರ್ವೆ ನಂಬರು ಸೇರಿರಲ್ಲ. ನಮ್ಮ ದೊಡ್ಡಪ್ಪಂಗೆ ಮೂರು ಕಡೆ ಜಮೀನು, ಎಫ್‌ಐಡಿ ಮಾಡಿಸ್ದಾಗ ಕೈಯಲ್ಲಿ ಒಂದೇ ಪಹಣಿ ಇತ್ತು ಅಂತ ಒಂದೇ ಕೊಟ್ಟು ಬಂದಿದ್ರು. 2023ರ ಬರಗಾಲದಲ್ಲಿ ಮೂರೂ ಕಡೆ ರಾಗಿ ಒಣಗೋಯ್ತು, ಪರಿಹಾರ ಮಾತ್ರ ಒಂದು ಹೊಲಕ್ಕೆ ಬಂತು. ಉಳಿದೆರಡು ಹೊಲ ಕೆರೆ ಆಚೆ ಬೇಚರಾಕ್ ಗ್ರಾಮದ ಎಲ್ಲೆಗೆ ಸೇರಿದ್ದು. ನಾವು ವಾಸ ಇರೋ ಊರೇ ಬೇರೆ, ಪಹಣಿಲಿರೋ ಗ್ರಾಮನೇ ಬೇರೆ, ಇದು ನಮ್ಮ ಕಡೆ ಬಹಳ ಜನಕ್ಕೆ ಇರೋದೇ. ಪಾವಗಡ, ಶಿರಾ, ಕೊರಟಗೆರೆ ಯಾವ ಕಡೆ ಹೋದ್ರೂ ಮನೆಗಳೇ ಇಲ್ದೆ ಬರೀ ಹೊಲ ಇರೋ ಗ್ರಾಮಗಳು ಸಿಕ್ತವೆ. ಹಂಗಾಗಿ ಎಫ್‌ಐಡಿ ಪ್ರಿಂಟ್ ತಗೊಳ್ಳಿ, ಅದರಲ್ಲಿರೋ ಸರ್ವೆ ನಂಬರುಗಳನ್ನ ಮನೇಲಿರೋ ಪಹಣಿಗಳ ಜೊತೆ ಒಂದೊಂದಾಗಿ ಟಿಕ್ ಮಾಡ್ಕೊಂಡು ಹೋಗಿ, ಬಿಟ್ಟೋಗಿರೋದನ್ನ ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟು ಸೇರಿಸ್ಕೊಳ್ಳಿ. ಹತ್ತು ನಿಮಿಷದ ಕೆಲ್ಸ, ಸರ್ವರ್ ಇದ್ರೆ.

ಈಗ ಪಿಎಂ ಕಿಸಾನ್ ನೋಡೋದಕ್ಕೆ ಬರೋಣ. ಇದು 2019ರ ಫೆಬ್ರವರಿ 24ಕ್ಕೆ ಶುರುವಾಗಿದ್ದು, ನಮ್ಮ ತುಮಕೂರಿಗೂ ಇದಕ್ಕೂ ಒಂದು ನಂಟು ಐತೆ, 2020ರ ಜನವರಿ 2ರಂದು ಪ್ರಧಾನಿ ತುಮಕೂರಿಗೆ ಬಂದಾಗ ಇಲ್ಲಿಂದಲೇ ಮೂರನೇ ಕಂತು ಬಿಟ್ಟಿದ್ದು, ಅವತ್ತು ಊರಿಂದ ಬಸ್ಸಲ್ಲಿ ಹೋಗಿದ್ದೋರು ಈಗ್ಲೂ ಅದರ ಕಥೆ ಹೇಳ್ತಾರೆ. ಕಂತು ಮೂರು, ಏಪ್ರಿಲ್‌ನಿಂದ ಜುಲೈ ಒಂದು, ಆಗಸ್ಟ್‌ನಿಂದ ನವೆಂಬರ್ ಒಂದು, ಡಿಸೆಂಬರ್‌ನಿಂದ ಮಾರ್ಚ್ ಒಂದು, ಒಂದೊಂದಕ್ಕೆ 2000. ಕೆಲವರು "ಮುಂಚೆ ಹತ್ತು ಸಾವಿರ ಬರ್ತಿತ್ತು ಈಗ ಆರೇ ಬರುತ್ತೆ, ನಾಕು ಯಾರು ಹೊಡೆದ್ರು" ಅಂತ ಕೇಳ್ತಾರೆ. ಯಾರೂ ಹೊಡೆದಿಲ್ಲ, ಆ 4000 ರಾಜ್ಯ ಸರ್ಕಾರ 2019ರಿಂದ ಮೇಲೆ ಸೇರಿಸಿ ಕೊಡ್ತಿದ್ದಿದ್ದು, 2023ರಲ್ಲಿ ಸರ್ಕಾರ ಬದಲಾದ್ಮೇಲೆ ನಿಂತೋಯ್ತು.

ಪಿಎಂ ಕಿಸಾನ್ ವೆಬ್‌ಸೈಟ್ ಓಪನ್ ಮಾಡಿ, ಕೆಳಗಡೆ ಫಾರ್ಮರ್ಸ್ ಕಾರ್ನರ್ ಅಂತ ಇರುತ್ತೆ, ಅದರಲ್ಲಿ ನೋ ಯುವರ್ ಸ್ಟೇಟಸ್ ಒತ್ತಿ. ರಿಜಿಸ್ಟ್ರೇಷನ್ ನಂಬರ್ ಕೇಳುತ್ತೆ, ನಮ್ಮವರಲ್ಲಿ ಯಾರಿಗೂ ಅದು ನೆನಪಿರಲ್ಲ, ಪರವಾಗಿಲ್ಲ, ಪಕ್ಕದಲ್ಲೇ ನೋ ಯುವರ್ ರಿಜಿಸ್ಟ್ರೇಷನ್ ನಂಬರ್ ಅಂತ ಐತೆ, ಆಧಾರ್ ಅಥವಾ ಮೊಬೈಲ್ ನಂಬರ್ ಹಾಕಿದ್ರೆ ಓಟಿಪಿ ಬಂದು ನಂಬರ್ ತೋರಿಸುತ್ತೆ. ಅದನ್ನ ಪಾಸ್‌ಬುಕ್ಕಿನ ಹಿಂದಗಡೆ ಬರ್ಕೊಂಡ್ಬಿಡಿ, ಮುಂದಿನ ಸಲ ಹುಡುಕೋದು ಬೇಡ. ಒಳಗೆ ಹೋದ್ಮೇಲೆ ಎಲ್ರೂ ಕಂತು ಬಂದಿದೆಯಾ ಇಲ್ವಾ ಅಂತ ಮಾತ್ರ ನೋಡಿ ಮುಚ್ಚಿಬಿಡ್ತಾರೆ. ನೀವು ನೋಡ್ಬೇಕಾಗಿರೋದು ಮೂರು ಸಾಲು: ಲ್ಯಾಂಡ್ ಸೀಡಿಂಗ್, ಇ-ಕೆವೈಸಿ, ಆಧಾರ್ ಬ್ಯಾಂಕ್ ಸೀಡಿಂಗ್. ಮೂರಕ್ಕೂ ಯೆಸ್ ಅಂತ ಇರ್ಬೇಕು. ಯಾವುದಕ್ಕೆ ನೋ ಅಂತ ಐತೋ ಅಲ್ಲೇ ನಿಮ್ಮ ದುಡ್ಡು ನಿಂತಿರೋದು.

ಲ್ಯಾಂಡ್ ಸೀಡಿಂಗ್ ನೋ ಅಂದ್ರೆ ಜಮೀನಿನ ದಾಖಲೆ ಹೊಂದಿಲ್ಲ, ಪಹಣಿ ಆಧಾರು ಎರಡೂ ತಗೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಅಲ್ಲಿ ಎಫ್‌ಐಡಿ ನೋಡಿ ಸರಿ ಮಾಡ್ತಾರೆ. ಪಹಣಿಲೇ ತೊಂದರೆ ಇದ್ರೆ ಅಂದ್ರೆ ಇನ್ನೂ ಅಜ್ಜನ ಹೆಸರಲ್ಲೇ ಐತೆ ಅಂದ್ರೆ ಅವ್ರ ಕೈಲಿ ಏನೂ ಆಗಲ್ಲ. ಪೌತಿ ಖಾತೆ, ಅಂದ್ರೆ ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸ್ಬೇಕು, ಮರಣ ಪತ್ರ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಅರ್ಜಿ ಕೊಡ್ಬೇಕು. ಅಣ್ಣ ತಮ್ಮಂದಿರು ಭಾಗ ಆಗಿಲ್ಲ ಅಂತ ಹತ್ತು ಹದಿನೈದು ವರ್ಷದಿಂದ ಸತ್ತೋರ ಹೆಸರಲ್ಲೇ ಪಹಣಿ ಬಿಟ್ಕೊಂಡಿರೋ ಮನೆಗಳು ನಮ್ಮೂರಲ್ಲೇ ಬೇಕಾದಷ್ಟವೆ, ಜಗಳ ಏನೇ ಇರ್ಲಿ ಜಂಟಿಯಾಗಾದ್ರೂ ಖಾತೆ ಮಾಡಿಸ್ಕೊಳ್ಳಿ ಮೊದ್ಲು, ಭಾಗ ಆಮೇಲೆ ಮಾಡ್ಕೊಂಡ್ರಾಯ್ತು, ಸತ್ತಿರೋ ಅಜ್ಜಂಗಂತೂ ಸರ್ಕಾರ ಪರಿಹಾರ ಕೊಡಲ್ಲ.

ಇ-ಕೆವೈಸಿ ನೋ ಅಂದ್ರೆ ಸುಲಭ. ಆಧಾರಿಗೆ ಮೊಬೈಲ್ ನಂಬರ್ ಸೇರಿದ್ರೆ ಓಟಿಪಿಲೇ ಆಗೋಗುತ್ತೆ. ಇಲ್ಲಾಂದ್ರೆ ಸಿಎಸ್‌ಸಿ ಸೆಂಟರಲ್ಲಿ (ಸರ್ಕಾರದ ಆನ್‌ಲೈನ್ ಕೆಲ್ಸ ಮಾಡ್ಕೊಡೋ ಕೇಂದ್ರ) ಹೆಬ್ಬೆಟ್ಟು ಕೊಡ್ಬೇಕು. ನಮ್ಮಮ್ಮಂಗೆ ಇದೇ ಆಗಿದ್ದು, ಕಡ್ಲೆಕಾಯಿ ಬಿಡಿಸಿ ಬಿಡಿಸಿ ಹತ್ತು ಬೆರಳಲ್ಲೂ ಗೆರೆ ಸವೆದೋಗಿದೆ, ಮಿಷಿನ್ ಮೇಲೆ ಒತ್ತಿದ್ರೆ ಕೆಂಪು ಲೈಟು, ಒರೆಸಿ ಒತ್ತಿದ್ರೆ ಕೆಂಪು ಲೈಟು, ಸೆಂಟರ್ ಹುಡುಗ ಒಂದು ಸಲ ಕೈಗೆ ಎಣ್ಣೆ ಹಚ್ಕೊಂಡು ಬನ್ನಿ ಅಂದ, ಇನ್ನೊಂದು ಸಲ ಸೋಪಲ್ಲಿ ತೊಳ್ಕೊಂಡು ಬನ್ನಿ ಅಂದ, ಮೂರು ಸಲ ಹೋಗಿ ವಾಪಸ್ ಬಂದ್ರು. ಕೊನೆಗೆ ಪಿಎಂ ಕಿಸಾನ್ ಮೊಬೈಲ್ ಆ್ಯಪಲ್ಲಿ ಮುಖ ತೋರಿಸಿ ಮಾಡೋ ಕೆವೈಸಿ ಐತೆ ಅಂತ ಗೊತ್ತಾಯ್ತು, ಜಗಲಿ ಮೇಲೆ ಬೆಳಕಿಗೆ ಮುಖ ಮಾಡಿ ಕೂರಿಸಿ "ಅಮ್ಮ ಒಂದ್ಸಲ ಕಣ್ಣು ಮಿಟುಕಿಸು" ಅಂದೆ, ಎರಡು ನಿಮಿಷಕ್ಕೆ ಆಗೋಯ್ತು. ವಯಸ್ಸಾದೋರಿಗೆ, ಗಾರೆ ಕೆಲ್ಸ ಮಾಡೋರಿಗೆ ಸುಮ್ನೆ ಹೆಬ್ಬೆಟ್ಟಿಗೆ ಅಲೆದಾಡಿಸ್ಬೇಡಿ, ಮೊದ್ಲೇ ಮುಖದಲ್ಲಿ ಟ್ರೈ ಮಾಡಿ.

ಮೂರನೇದು, ಆಧಾರ್ ಬ್ಯಾಂಕ್ ಸೀಡಿಂಗ್. ಜಾಸ್ತಿ ಜನ ಸಿಕ್ಕಾಕ್ಕೊಳ್ಳೋದೇ ಇಲ್ಲಿ. ಬ್ಯಾಂಕಿಗೆ ಹೋಗಿ ಕೇಳಿದ್ರೆ "ಲಿಂಕ್ ಆಗೈತೆ ಹೋಗ್ರಿ" ಅಂತಾರೆ, ಅವರು ಹೇಳೋದೂ ಸುಳ್ಳಲ್ಲ, ಅಕೌಂಟಿಗೆ ಆಧಾರ್ ನಂಬರ್ ಸೇರಿರುತ್ತೆ. ಆದ್ರೆ ಸರ್ಕಾರದ ದುಡ್ಡು ಅಕೌಂಟ್ ನಂಬರ್ ನೋಡ್ಕೊಂಡು ಬರಲ್ಲ, ಆಧಾರ್ ನಂಬರ್ ನೋಡ್ಕೊಂಡು ಬರುತ್ತೆ. ಎನ್‌ಪಿಸಿಐ ಅಂತ ಒಂದು ಸಂಸ್ಥೆ ಹತ್ರ ಒಂದು ಪಟ್ಟಿ ಇರುತ್ತೆ, ಈ ಆಧಾರ್ ನಂಬರಿಗೆ ಈ ಬ್ಯಾಂಕು ಅಂತ, ಒಂದು ಆಧಾರಿಗೆ ಒಂದೇ ಬ್ಯಾಂಕು. ನೀವು ಕೊನೇಲಿ ಯಾವ ಬ್ಯಾಂಕಲ್ಲಿ ಸೀಡಿಂಗ್ ಮಾಡಿಸಿದ್ರೋ ಅಲ್ಲಿಗೆ ಹೋಗುತ್ತೆ. ನಿಮ್ಮ ಕೈಲಿರೋ ಪಾಸ್‌ಬುಕ್ ಯಾವುದು ಅಂತ ಅದಕ್ಕೆ ಗೊತ್ತಿಲ್ಲ.

ನಮ್ಮ ಸೋದರತ್ತೆ ಕೇಸು ಹೇಳ್ತೀನಿ. ಎರಡು ಕಂತು ಬರ್ಲೇ ಇಲ್ಲ, ಬ್ಯಾಂಕಲ್ಲಿ ಪಾಸ್‌ಬುಕ್ ಪ್ರಿಂಟ್ ಹಾಕ್ಸಿದ್ರೆ ಖಾಲಿ, ವೆಬ್‌ಸೈಟಲ್ಲಿ ನೋಡಿದ್ರೆ ಪೇಮೆಂಟ್ ಸಕ್ಸಸ್ ಅಂತ ತೋರಿಸ್ತಿದೆ. ಅತ್ತೆ ಅಂತೂ ಬ್ಯಾಂಕ್‌ನೋರೇ ತಿಂದ್ರು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರು. ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಆಪ್ಷನ್ ಐತೆ, ಆಧಾರ್ ನಂಬರ್, ಓಟಿಪಿ ಹಾಕಿದೆ, ಯಾವುದೋ ಪೇಮೆಂಟ್ಸ್ ಬ್ಯಾಂಕ್ ಹೆಸ್ರು ಬಂತು. ಅತ್ತೆ, ಈ ಬ್ಯಾಂಕಲ್ಲಿ ನಿಮ್ದು ಅಕೌಂಟ್ ಐತಾ ಅಂದ್ರೆ ಇಲ್ವೇ ಇಲ್ಲಪ್ಪ ಅಂತ ಆಣೆ ಮಾಡಿದ್ರು. ಆಮೇಲೆ ಕೆದಕಿದ್ರೆ, ಸಂತೆ ದಿನ ಕೊಡೆ ಕೆಳಗೆ ಕೂತ್ಕೊಂಡು ಸಿಮ್ ಮಾರೋನ ಹತ್ರ ಹೊಸ ಸಿಮ್ ತಗೊಂಡಿದ್ರು, ಅವ್ನು ಎರಡೆರಡು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದ, ಒಂದು ಸಿಮ್ಮಿಗೆ, ಇನ್ನೊಂದು ಅಕೌಂಟಿಗೆ. ದುಡ್ಡು ಅಲ್ಲಿ ಕೂತಿತ್ತು, ಅತ್ತೇದೇ ಹೆಸರಲ್ಲಿ, 4000 ರೂಪಾಯಿ. ಅದನ್ನ ಬಿಡಿಸ್ಕೊಂಡು, ಅವರ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ತುಂಬಿ ಕೊಟ್ವಿ, "ಲಿಂಕ್" ಅಂತ ಕೇಳ್ಬೇಡಿ, "ಡಿಬಿಟಿ ಬರೋಕೆ ಎನ್‌ಪಿಸಿಐ ಮ್ಯಾಪಿಂಗ್ ಮಾಡ್ಕೊಡಿ" ಅಂತಾನೇ ಕೇಳಿ (ಡಿಬಿಟಿ ಅಂದ್ರೆ ಸರ್ಕಾರದ ದುಡ್ಡು ನೇರವಾಗಿ ಅಕೌಂಟಿಗೆ ಬರೋದು), ಅಷ್ಟು ಹೇಳಿದ್ರೆ ಅವರಿಗೂ ಅರ್ಥ ಆಗುತ್ತೆ. ಒಂದು ವಾರ ಬಿಟ್ಟು ಮತ್ತೆ ಅದೇ ಮೈ ಆಧಾರಲ್ಲಿ ನೋಡಿ, ಬ್ಯಾಂಕ್ ಹೆಸ್ರು ಬದಲಾಗಿ ಆಕ್ಟಿವ್ ಅಂತ ಬಂದಿರ್ಬೇಕು. ಬರ್ದಿದ್ರೆ ಇನ್ನೊಂದ್ಸಲ ಹೋಗ್ಬೇಕು, ಬೇರೆ ದಾರಿ ಇಲ್ಲ.

ಇನ್ನೂ ಒಂದು. ಎರಡು ವರ್ಷದಿಂದ ಅಕೌಂಟಲ್ಲಿ ಹಾಕೋದು ತೆಗೆಯೋದು ಏನೂ ಮಾಡಿಲ್ಲ ಅಂದ್ರೆ ಅದು ನಿಂತೋಗಿರುತ್ತೆ, ಕೆವೈಸಿ ಕೊಟ್ಟು ಜೀವ ಬರಿಸ್ಬೇಕು. ಹಳೇ ಪಾಸ್‌ಬುಕ್ ಇಟ್ಕೊಂಡಿರೋರು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರೋಗಿದೆ, ಹೊಸ ಪಾಸ್‌ಬುಕ್ ತಗೊಳ್ಳಿ, ಅರ್ಜಿ ಜೊತೆ ಹಳೇದರ ಜೆರಾಕ್ಸ್ ಕೊಡ್ಬೇಡಿ.

ಪಿಎಂ ಕಿಸಾನ್ ಎಲ್ರಿಗೂ ಬರಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ, ಗಂಡ ಹೆಂಡ್ತಿ ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ, ಒಬ್ಬರಿಗೇ ಬರೋದು. ಇನ್‌ಕಂ ಟ್ಯಾಕ್ಸ್ ಕಟ್ಟೋರು, ಸರ್ಕಾರಿ ನೌಕರರು, ತಿಂಗಳಿಗೆ 10,000ಕ್ಕೆ ಕಮ್ಮಿ ಇಲ್ದೆ ಪೆನ್ಷನ್ ತಗೊಳ್ಳೋರು, ಡಾಕ್ಟ್ರು ಲಾಯರು ಇಂಜಿನಿಯರು ಇವರಿಗೆಲ್ಲ ಇಲ್ಲ, ಡಿ ಗ್ರೂಪ್ ನೌಕರರಿಗೆ ಮಾತ್ರ ವಿನಾಯ್ತಿ ಐತೆ. ಜಮೀನು 2019ರ ಫೆಬ್ರವರಿ 1ರೊಳಗೆ ಹೆಸರಿಗೆ ಬಂದಿರ್ಬೇಕು, ಆಮೇಲೆ ಕ್ರಯಕ್ಕೆ ತಗೊಂಡಿದ್ರೆ ಬರಲ್ಲ, ಅಪ್ಪ ಹೋಗಿ ಪೌತಿ ಮೇಲೆ ಬಂದಿದ್ರೆ ಬರುತ್ತೆ. ಅರ್ಹತೆ ಇಲ್ದೆ ತಗೊಂಡಿರೋರು ವಾಪಸ್ ಕಟ್ಟೋಕೆ ಅದೇ ವೆಬ್‌ಸೈಟಲ್ಲಿ ರೀಫಂಡ್ ಆಪ್ಷನ್ ಐತೆ, ನೋಟಿಸ್ ಬಂದ್ಮೇಲೆ ಒದ್ದಾಡೋದಕ್ಕಿಂತ ಮೊದ್ಲೇ ಕಟ್ಟಿಬಿಡೋದು ವಾಸಿ.

ಈಗ ಊರಲ್ಲಿ ಯಾರ್ಯಾರಿಗೆ ಬರ್ತಿದೆ ಅಂತ ನೋಡೋದು. ಇದು ಗುಟ್ಟೇನಲ್ಲ, ಯಾರು ಬೇಕಾದ್ರೂ ನೋಡ್ಬೋದು. ಅದೇ ಫಾರ್ಮರ್ಸ್ ಕಾರ್ನರಲ್ಲಿ ಬೆನಿಫಿಷಿಯರಿ ಲಿಸ್ಟ್ ಅಂತ ಐತೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಬ್ಲಾಕು, ಗ್ರಾಮ ಆರಿಸಿ ಗೆಟ್ ರಿಪೋರ್ಟ್ ಕೊಟ್ರೆ ಹೆಸರುಗಳು ಬರುತ್ತೆ. ಊರ ಹೆಸರು ಸಿಗ್ಲಿಲ್ಲ ಅಂದ್ರೆ ಗಾಬರಿ ಬೇಡ, ಪಹಣಿಲಿರೋ ಕಂದಾಯ ಗ್ರಾಮದ ಹೆಸರು ಹುಡುಕಿ, ಮಜರೆ ಗ್ರಾಮಗಳ, ಅಂದ್ರೆ ಕಂದಾಯ ಗ್ರಾಮದೊಳಗೆ ಸೇರಿರೋ ಚಿಕ್ಕ ಹಳ್ಳಿಗಳ ಹೆಸರು ಅಲ್ಲಿ ಇರಲ್ಲ. ರಾಜ್ಯ ಸರ್ಕಾರದ ಯೋಜನೆಗಳಿಗೆ ಮಾಹಿತಿ ಕಣಜ ಅಂತ ಒಂದು ವೆಬ್‌ಸೈಟ್ ಐತೆ, ಕನ್ನಡದಲ್ಲೇ ಐತೆ, ಇಲಾಖೆ ಆರಿಸ್ಕೊಂಡು ಹೋದ್ರೆ ಗ್ರಾಮದ ಮಟ್ಟದ ವಿವರ ಸಿಗುತ್ತೆ, ಲಾಗಿನ್ ಏನೂ ಬೇಡ. ನಮ್ಮೂರ ಅರಳಿಕಟ್ಟೆ ಮೇಲೆ ಒಂದ್ಸಲ ಈ ಲಿಸ್ಟ್ ಜೋರಾಗಿ ಓದಿದೆ ನೋಡಿ, ತೀರಿಕೊಂಡಿದ್ದೋರ ಹೆಸರು ಎರಡು ಇತ್ತು, ಊರು ಬಿಟ್ಟು ಬೆಂಗಳೂರಲ್ಲಿ ಸೈಟ್ ಮೇಲೆ ಸೈಟ್ ಮಾಡಿರೋರ ಹೆಸರೂ ಇತ್ತು, ಅವರ ತಮ್ಮ ಅಲ್ಲೇ ಕೂತಿದ್ದ, ಎದ್ದು ಹೋದ. ಇನ್ಮೇಲೆ ಜೋರಾಗಿ ಓದಲ್ಲ.

ಬರ ಪರಿಹಾರಕ್ಕೆ ಪರಿಹಾರ ಅಂತಾನೇ ಬೇರೆ ಪೋರ್ಟಲ್ ಐತೆ, ಕಂದಾಯ ಇಲಾಖೆದು. ವಿಪತ್ತು ಯಾವುದು, ಬರನಾ ಪ್ರವಾಹನಾ, ಯಾವ ವರ್ಷ, ಯಾವ ಹಂಗಾಮು ಅಂತ ಆರಿಸಿ ಆಧಾರ್ ನಂಬರ್ ಅಥವಾ ಎಫ್‌ಐಡಿ ಹಾಕಿದ್ರೆ ಯಾವ ಸರ್ವೆ ನಂಬರಿಗೆ ಎಷ್ಟು ಹಾಕಿದ್ದಾರೆ, ಯಾವ ಬ್ಯಾಂಕಿಗೆ ಹೋಗಿದೆ ಅಂತ ತೋರಿಸುತ್ತೆ. ಎಷ್ಟು ಬರ್ಬೇಕು ಅನ್ನೋ ಲೆಕ್ಕ ನೀವೇ ಹಾಕ್ಬೋದು. ಕೇಂದ್ರ 2022-23ರಿಂದ 2025-26ರ ತನಕ ಇಟ್ಟಿದ್ದ ಮಾನದಂಡದಲ್ಲಿ ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೆಂಗು ಅಡಿಕೆ ಮಾವಿನಂಥ ಬಹುವಾರ್ಷಿಕಕ್ಕೆ 22,500, ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಹೆಕ್ಟೇರ್ ಅಂದ್ರೆ ಸುಮಾರು ಎರಡೂವರೆ ಎಕರೆ, ಹಂಗಾಗಿ ಮಳೆ ಆಶ್ರಿತಕ್ಕೆ ಗುಂಟೆಗೆ 86 ರೂಪಾಯಿ ಬೀಳುತ್ತೆ. ಒಂದೂವರೆ ಎಕರೆ ರಾಗಿ ಹೋಗಿದ್ರೆ 60 ಗುಂಟೆ, 5,160 ರೂಪಾಯಿ. ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಮ್ಮಿ ಬಂದ್ರೆ ಬಿಡಿ, ಸಾವಿರಗಟ್ಟಲೆ ಕಮ್ಮಿ ಬಂದಿದ್ರೆ ಯಾವುದೋ ಸರ್ವೆ ನಂಬರ್ ಬಿಟ್ಟೋಗಿದೆ ಅಂತ ಲೆಕ್ಕ. 2023ರ ಬರದ್ದು ನೋಡೋರು ಒಂದು ನೆನಪಿಟ್ಕೊಳ್ಳಿ, ರಾಜ್ಯದಲ್ಲಿ 223 ತಾಲ್ಲೂಕು ಬರ ಅಂತ ಘೋಷಣೆ ಆಗಿತ್ತು, 2024ರ ಜನವರಿಲಿ ರಾಜ್ಯ ಸರ್ಕಾರ ಮೊದ್ಲು 2000ದ ತನಕ ಹಾಕ್ತು, ಕೇಂದ್ರದ ದುಡ್ಡು ಸುಪ್ರೀಂ ಕೋರ್ಟಿಗೆ ಹೋದ್ಮೇಲೆ ಬಂತು, ಆಮೇಲೆ ಉಳಿದಿದ್ದು ಹಾಕಿದ್ರು, ಅಂದ್ರೆ ಪಾಸ್‌ಬುಕ್ಕಲ್ಲಿ ಎರಡು ಎಂಟ್ರಿ ಕೂಡಿ ನೋಡ್ಬೇಕು.

ಪರಿಹಾರಕ್ಕೆ ಬುಡ ಇರೋದು ಬೆಳೆ ಸಮೀಕ್ಷೆಲಿ. ನೀವು ರಾಗಿ ಹಾಕಿ ಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ ತೊಗರಿ ಹಾಕಿರ್ತೀರ, ಸಮೀಕ್ಷೆಗೆ ಬರೋ ಪಿಆರ್ (ಫೋಟೋ ತೆಗೆಯೋಕೆ ಅಂತ ನೇಮಿಸ್ಕೊಂಡಿರೋ ಖಾಸಗಿ) ಹುಡುಗ ಬದುವಿನ ಮೇಲಿಂದಲೇ ಫೋಟೋ ಹೊಡ್ಕೊಂಡು ನೀಲಗಿರಿ ಅಂತಲೋ ಬೀಳು ಅಂತಲೋ ಹಾಕೋಗಿರ್ತಾನೆ, ಎಲ್ರೂ ಹಂಗೆ ಮಾಡಲ್ಲ, ಅವನಿಗೂ ದಿನಕ್ಕೆ ಎಷ್ಟು ಹೊಲ ಅಂತ ಲೆಕ್ಕ ಇರುತ್ತೆ ಪಾಪ. ಆದ್ರೆ ಬೀಳು ಅಂತ ಬಿದ್ರೆ ಪರಿಹಾರನೂ ಇಲ್ಲ, ವಿಮೆನೂ ಇಲ್ಲ, ರಾಗಿ ಖರೀದಿ ಕೇಂದ್ರದಲ್ಲೂ ತಗೊಳ್ಳಲ್ಲ, 2025-26ಕ್ಕೆ ಕ್ವಿಂಟಾಲಿಗೆ 4,886 ಬೆಂಬಲ ಬೆಲೆ ಇರೋವಾಗ ಸಂತೇಲಿ ಸಿಕ್ಕಿದ ರೇಟಿಗೆ ಕೊಡ್ಬೇಕಾಗುತ್ತೆ. ಅದಕ್ಕೇ ಮುಂಗಾರಲ್ಲಿ ರೈತರ ಬೆಳೆ ಸಮೀಕ್ಷೆ ಆ್ಯಪ್ ಹಾಕ್ಕೊಂಡು ನಿಮ್ಮ ಹೊಲದಲ್ಲಿ ನಿಂತ್ಕೊಂಡು ನೀವೇ ಫೋಟೋ ತೆಗೆದು ಹಾಕಿ. ಹೊಲದಲ್ಲೇ ನಿಂತಿರ್ಬೇಕು, ಜಿಪಿಎಸ್ ನೋಡುತ್ತೆ, ಮನೇಲಿ ಕೂತು ಆಗಲ್ಲ. ಹಾಕೋಕೆ ಆಗ್ಲಿಲ್ಲ ಅಂದ್ರೆ ಬೆಳೆ ದರ್ಶಕ್ ಆ್ಯಪಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ಬಿದ್ದಿದೆ ಅಂತ ಫೋಟೋ ಸಮೇತ ನೋಡಿ, ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕಿ, ಟೈಮ್ ಇರೋವಾಗ ಹಾಕಿ. ಬೆಳೆ ಕೊಯ್ದು ಕಣಕ್ಕೆ ಬಂದ್ಮೇಲೆ ಹೊಲದಲ್ಲಿ ಏನಿತ್ತು ಅಂತ ಯಾರಿಗೆ ತೋರಿಸ್ತೀರ.

ಹಾಲಿನ ಪ್ರೋತ್ಸಾಹಧನ, ಪರಿಹಾರ, ಸ್ಕಾಲರ್‌ಶಿಪ್ಪು ಹಿಂಗೆ ರಾಜ್ಯದ್ದು ಏನೇ ಬಂದಿದ್ರೂ ಒಂದೇ ಕಡೆ ನೋಡ್ಬೇಕು ಅಂದ್ರೆ ಡಿಬಿಟಿ ಕರ್ನಾಟಕ ಆ್ಯಪ್ ಹಾಕ್ಕೊಳ್ಳಿ, ಆಧಾರ್ ಓಟಿಪಿ ಕೊಟ್ಟು ನಾಕಂಕಿ ಪಿನ್ ಮಾಡ್ಕೊಂಡ್ರೆ ಯಾವ ತಾರೀಕು ಎಷ್ಟು ಯಾವ ಬ್ಯಾಂಕಿಗೆ ಅಂತ ಸಾಲಾಗಿ ಬರುತ್ತೆ. ಹಾಲಿನ ದುಡ್ಡು ತಿಂಗಳುಗಟ್ಟಲೆ ತಡ ಆಗೋದು ಮಾಮೂಲಿ, ಅದಕ್ಕೆ ನಿಮ್ಮ ಡೈರಿ ಸೆಕ್ರೆಟ್ರಿನ ಬೈದು ಉಪಯೋಗ ಇಲ್ಲ, ಅವರ ಕೈಲಿ ಇಲ್ಲ ಅದು.

ಆ್ಯಪ್ ವಿಷ್ಯ ಬಂತಲ್ಲ, ಎಚ್ಚರ. ವಾಟ್ಸಾಪಲ್ಲಿ "ಪಿಎಂ ಕಿಸಾನ್ ಹೊಸ ಲಿಸ್ಟ್" ಅಂತ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ದೆ ಆ್ಯಪ್ ಹಾಕೋ ಫೈಲು) ಬರುತ್ತೆ, ಊರ ಗ್ರೂಪಲ್ಲಿ ಗೊತ್ತಿರೋರ ನಂಬರಿಂದಲೇ ಬರುತ್ತೆ, ಯಾಕಂದ್ರೆ ಅವರ ಫೋನು ಆಗ್ಲೇ ಹೋಗಿರುತ್ತೆ. ಅದನ್ನ ಒತ್ತಿ ಇನ್‌ಸ್ಟಾಲ್ ಮಾಡಿದ್ರೋ ನಿಮ್ಮ ಓಟಿಪಿ ಎಲ್ಲ ಅವ್ರಿಗೆ ಕಾಣ್ಸುತ್ತೆ. ಪ್ಲೇ ಸ್ಟೋರಿಂದ ಮಾತ್ರ ಹಾಕ್ಕೊಳ್ಳಿ. ಕಂತು ಕೊಡಿಸ್ತೀನಿ ಅಂತ ಫೋನ್ ಮಾಡಿ ಓಟಿಪಿ ಕೇಳೋ ಯಾವ ಆಫೀಸರೂ ಇಲ್ಲ. ಒಂದ್ವೇಳೆ ದುಡ್ಡು ಹೋಯ್ತು ಅಂದ್ರೆ ಆ ಕ್ಷಣನೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎಲ್ಲಾ ಯೆಸ್ ಐತೆ, ಬ್ಯಾಂಕೂ ಸರಿ ಐತೆ, ಆದ್ರೂ ಬಂದಿಲ್ಲ ಅನ್ನೋರು ಪಿಎಂ ಕಿಸಾನಿಗೆ 155261ಕ್ಕೆ ಫೋನ್ ಮಾಡ್ಬೋದು, ರಾಜ್ಯದ್ದಕ್ಕೆ 1902 ಸಹಾಯವಾಣಿಲಿ ದೂರು ಕೊಟ್ರೆ ನಂಬರ್ ಕೊಡ್ತಾರೆ, ಆ ನಂಬರ್ ಇಟ್ಕೊಂಡು ಕೇಳ್ಬೇಕು, ಬಾಯಿಮಾತಲ್ಲಿ ಕೇಳಿದ್ರೆ "ಬರುತ್ತೆ ಹೋಗಿ" ಅಂತಾರೆ. ಅದಕ್ಕೂ ಬಗ್ಗದಿದ್ರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ರೆ ಅದೂ ಇಲ್ಲ, ಒಂದು ಅರ್ಜಿಲಿ ಒಂದೇ ವಿಷ್ಯ, 150 ಪದದೊಳಗೆ ಬರೀಬೇಕು, 30 ದಿನದಲ್ಲಿ ಉತ್ತರ ಕೊಡ್ಬೇಕು. "ನನಗೆ ಯಾಕೆ ಬಂದಿಲ್ಲ" ಅಂತ ಬರೀಬೇಡಿ, ಯಾಕೆ ಅನ್ನೋದಕ್ಕೆ ಉತ್ತರ ಕೊಡಲ್ಲ. "ಇಂಥ ಗ್ರಾಮದ ಇಂಥ ಸರ್ವೆ ನಂಬರಿಗೆ ಇಂಥ ವರ್ಷ ಮಂಜೂರಾದ ಇನ್‌ಪುಟ್ ಸಬ್ಸಿಡಿ ಮೊತ್ತ, ಪಾವತಿ ದಿನಾಂಕ, ತಿರಸ್ಕೃತವಾಗಿದ್ದಲ್ಲಿ ಕಾರಣ ನಮೂದಾಗಿರುವ ದಾಖಲೆಯ ಪ್ರತಿ ಕೊಡಿ" ಅಂತ ದಾಖಲೆ ಕೇಳಿ. ದೊಡ್ಡಪ್ಪಂದು ಹಂಗೇ ಹಾಕಿದ್ವಿ. ಇಪ್ಪತ್ತೆಂಟನೇ ದಿನ ಒಂದು ಹಾಳೆ ಬಂತು, ಅದರಲ್ಲಿ ಆ ಎರಡು ಸರ್ವೆ ನಂಬರ್ ಮುಂದೆ "ಎಫ್‌ಐಡಿ ಲಭ್ಯವಿಲ್ಲ" ಅಂತ ಬರೆದಿತ್ತು. ದೊಡ್ಡಪ್ಪ ಆ ಹಾಳೆ ಮಡಿಚಿ ಜೇಬಲ್ಲಿ ಇಟ್ಕೊಂಡು, ಸೋಮವಾರ ಬೆಳಿಗ್ಗೆ ಮೊದ್ಲ ಬಸ್ಸಿಗೇ ಮೂರೂ ಪಹಣಿ ತಗೊಂಡು ರೈತ ಸಂಪರ್ಕ ಕೇಂದ್ರದ ಬಾಗ್ಲಲ್ಲಿ ಹೋಗಿ ಕೂತಿದ್ರು.